ಜೀವಕೋಶದೊಳಗಿನ ಸಾರಿಗೆ

ಕಾವೇರೀತೀರದ ರುದ್ರಪಟ್ಟಣದಂಥ ಚಿಕ್ಕ ಊರಿನಲ್ಲಿ ನೆರೆಮನೆಗೆ ಸುದ್ದಿ ಮುಟ್ಟಿಸಲು ಅಂಚೆಯ ಏರ್ಪಾಡು ಬೇಕಿಲ್ಲ. ಜಗಲಿಯಿಂದ ಜಗಲಿಗೆ ಅದು ತಾನಾಗಿ ಹರಡುತ್ತದೆ. ಅದೇ ಸುದ್ದಿ ಹಾಸನಕ್ಕೋ ಚನ್ನರಾಯಪಟ್ಟಣಕ್ಕೋ ಹೋಗಬೇಕಾದರೆ ವಿಳಾಸ ಬರೆದ ಲಕೋಟೆ, ಅದನ್ನು ಹೊರುವ ಬಂಡಿ, ಬಂಡಿಗೊಂದು ದಾರಿ ಇವೆಲ್ಲವೂ ಬೇಕು. ಜೀವಕೋಶಗಳಲ್ಲಿಯೂ ಇಂಥದೇ ಭೇದವುಂಟು. ಬ್ಯಾಕ್ಟೀರಿಯವು ಮೊದಲನೆಯ ಬಗೆಯದು. ಗಿಡ, ಅಣಬೆ, ಪ್ರಾಣಿಗಳ ಸಂಕೀರ್ಣ ಕೋಶವು ಎರಡನೆಯ ಬಗೆಯದು. ಈ ಎರಡನೆಯ ವ್ಯವಸ್ಥೆ ಹುಟ್ಟಿದ ಬಗೆ ಹೇಗೆಂಬುದನ್ನು ನಾವೀಗ ವಿಚಾರಿಸೋಣ.

ನೀರಿಗೆ ಬಿದ್ದ ಶಾಯಿಯ ಹನಿ ತಾನಾಗಿ ಹರಡುವುದನ್ನು ಎಲ್ಲರೂ ಕಂಡಿದ್ದೇವೆ. ಇದಕ್ಕೆ ವಿಸರಣವೆಂದು ಹೆಸರು. ಇದರಲ್ಲೊಂದು ತೊಡಕಿದೆ: ದೂರವು ಹತ್ತುಪಟ್ಟಾದರೆ ತಗಲುವ ಕಾಲ ನೂರುಪಟ್ಟಾಗುತ್ತದೆ. ಸಾಮಾನ್ಯ ಗಾತ್ರದ ಒಂದು ಪ್ರೋಟೀನು ಕೋಶದೊಳಗೆ 1 ಮೈಕ್ರೊಮೀಟರು ದೂರವನ್ನು ಸೆಕೆಂಡಿನ ಅಲ್ಪಾಂಶದಲ್ಲಿ ಕ್ರಮಿಸೀತು. ಬ್ಯಾಕ್ಟೀರಿಯಕ್ಕೆ ಇಷ್ಟು ಸಾಕು. ಆದರೆ ನಮ್ಮ ಬೆನ್ನುಹುರಿಯಿಂದ ಕಾಲ್ಬೆರಳಿನವರೆಗೆ ಚಾಚಿರುವ ನರಕೋಶದ ಎಳೆ ಸುಮಾರು 1 ಮೀಟರು ಉದ್ದ. ವಿಸರಣವನ್ನೇ ನಂಬಿದರೆ ಆ ಪ್ರೋಟೀನು ತುದಿ ಮುಟ್ಟಲು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬೇಕು!

ಆದುದರಿಂದಲೇ ಸಂಕೀರ್ಣ ಕೋಶದಲ್ಲಿ ಹಳಿಗಳಿವೆ, ಹಮಾಲರಿದ್ದಾರೆ. ಹೈಡ್ರಿಲ್ಲಾ ಎಂಬ ಜಲಸಸ್ಯದ ಎಲೆಯನ್ನು ಕಾಲೇಜಿನ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಹಸಿರು ಕಣಗಳು ಕೋಶದೊಳಗೆ ಸಾಲಾಗಿ ಸುತ್ತುವುದು ಕಾಣುತ್ತದೆ. ಇಂಥ ಚಲನೆಯನ್ನು ಇಟಲಿಯ ಬೊನವೆಂಟುರ ಕೋರ್ತಿ 1774ರಲ್ಲಿಯೇ ವರ್ಣಿಸಿದ್ದನು. ಹೊರುವವರಾರೆಂಬುದು ತಿಳಿಯಲು ಬಹುಕಾಲ ಹಿಡಿಯಿತು. ಅವರಲ್ಲೊಬ್ಬನಾದ ಕೈನೆಸಿನ್ ಎಂಬ ಪ್ರೋಟೀನನ್ನು 1985ರಲ್ಲಿ ಗುರುತಿಸಲಾಯಿತು. ಇದು ಸರಕನ್ನು ಹೊತ್ತು, ಹಳಿಯ ಮೇಲೆ ಒಂದೊಂದು ಹೆಜ್ಜೆಗೆ 8 ನ್ಯಾನೊಮೀಟರಿನಂತೆ ನಡೆಯುತ್ತದೆ. ಆಗ ಸಾವಿರ ವರ್ಷದ ಪಯಣ ಕೆಲವು ದಿನಗಳದಾಗುತ್ತದೆ. ಸರಕು ಪೊರೆಯ ಪುಟ್ಟ ಚೀಲಗಳಲ್ಲಿರುತ್ತದೆ. ಚೀಲದ ಮೇಲಿನ ಪ್ರೋಟೀನುಗಳೇ ಅದರ ವಿಳಾಸ. ಈ ಚೀಲಗಳ ಸಂಚಾರಕ್ರಮವನ್ನು ಬಿಡಿಸಿದ ರಾತ್‌ಮನ್, ಶೆಕ್‌ಮನ್, ಸುಡೋಫ್ ಇವರಿಗೆ 2013ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇಷ್ಟು ಏರ್ಪಾಡು ಒಮ್ಮೆಲೇ ಉದಿಸಿತೆ? ಕಲ್ಲಿನಲ್ಲಿ ಇದರ ಗುರುತು ಉಳಿದಿಲ್ಲ. ಆದರೆ ಜೀನುಗಳಲ್ಲಿ ಉಳಿದಿದೆ. ಗಿಡ, ಪ್ರಾಣಿ, ಅಮೀಬಗಳ ವಿಳಾಸ-ಪ್ರೋಟೀನುಗಳನ್ನು ಹೋಲಿಸಿದರೆ ಅವು ಒಂದೇ ವಂಶದ ದಾಯಾದಿಗಳೆಂದು ತೋರುತ್ತದೆ. ಇವೆಲ್ಲದರ ಸಮಾನ ಪೂರ್ವಜನಲ್ಲಿಯೇ ಈ ಸಾರಿಗೆ ಬಹುಮಟ್ಟಿಗೆ ಸಿದ್ಧವಾಗಿತ್ತು. ದಾಯಾದಿತನವೇ ಉತ್ತರದ ಸುಳಿವು. ಜೀನೊಂದು ಆಕಸ್ಮಿಕವಾಗಿ ಇಮ್ಮಡಿಸುತ್ತದೆ. ಎರಡು ಪ್ರತಿಗಳೂ ಕಾಲಕ್ರಮದಲ್ಲಿ ಬೇರೆಬೇರೆಯಾಗಿ ಮಾರ್ಪಡುತ್ತವೆ. ಒಂದು ವಿಳಾಸವಿದ್ದೆಡೆ ಎರಡಾಗುತ್ತವೆ. ಸರಕು ಕವಲೊಡೆದು ಹೊಸ ಕೋಣೆಯೊಂದು ಉಂಟಾಗುತ್ತದೆ. ಡ್ಯಾಕ್ಸ್ ಮತ್ತು ಫೀಲ್ಡ್ ಎಂಬ ವಿಜ್ಞಾನಿಗಳು 2007ರಲ್ಲಿ ಈ ವಾದವನ್ನು ಮಂಡಿಸಿದರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಮುಕುಂದ್ ತಟ್ಟೈ ಅವರೂ ಅವರ ಸಹೋದ್ಯೋಗಿಯೂ ಇದನ್ನು ಗಣಿತದ ಒರೆಗೆ ಹಚ್ಚಿ, ಜೀನುಗಳ ಇಮ್ಮಡಿಕೆ ಮತ್ತು ಮಾರ್ಪಾಟುಗಳಿಂದ ಹೊಸ ಕೋಣೆಗಳು ಮೂಡಬಲ್ಲವೆಂದು 2013ರಲ್ಲಿ ತೋರಿಸಿದರು. ಮೊದಲೇ ಬರೆದಿಟ್ಟ ನಕ್ಷೆ ಇದಕ್ಕೆ ಬೇಕಾಗಲಿಲ್ಲ.

ಮೂಲದ್ರವ್ಯ ಎಲ್ಲಿಂದ ಬಂತು? ಆರ್ಕ್‌ಟಿಕ್ ಸಾಗರದಡಿಯ ಕೆಸರಿನಿಂದ ದೊರೆತ ‘ಲೋಕಿ’ ಎಂಬ ಸೂಕ್ಷ್ಮಜೀವಿಗಳ ಜೀನುಗಳ ವಿವರ 2015ರಲ್ಲಿ ಪ್ರಕಟವಾಯಿತು. ಹಳಿ ಕಟ್ಟಲು, ಪೊರೆ ಬಾಗಿಸಲು ನಮ್ಮ ಕೋಶಗಳು ಬಳಸುವ ಪ್ರೋಟೀನುಗಳ ಹತ್ತಿರದ ನಂಟರು ಅವುಗಳಲ್ಲಿದ್ದುವು. ಅವುಗಳ ಬಳಗದ ಜೀವಿಯೊಂದನ್ನು ಜಪಾನಿನ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಬೆಳೆಸಿ 2020ರಲ್ಲಿ ವರದಿ ಮಾಡಿದರು. ಅದರ ಒಡಲಲ್ಲಿ ನಮ್ಮ ಕೋಶಗಳಲ್ಲಿರುವಂಥ ಕೋಣೆಗಳು ಕಾಣಲಿಲ್ಲ. ಎಂದರೆ, ಮನೆ ಏಳುವ ಮೊದಲೇ ಇಟ್ಟಿಗೆಗಳು ಬೇರಾವುದೋ ಕೆಲಸಕ್ಕೆ ಒದಗುತ್ತಿದ್ದುವು.

ಇದು ಬರಿಯ ಪುರಾತನ ವೃತ್ತಾಂತವೆಂದು ವಾಚಕರು ಎಣಿಸಬಾರದು. ಕೈನೆಸಿನ್ ಮನೆತನದ ಒಂದು ಜೀನು ಕೆಟ್ಟರೆ ಮನುಷ್ಯನ ಕಾಲುಗಳು ಬಿಗಿದು ನಡಿಗೆ ಕುಂದುವ ವಂಶಾನುಗತ ರೋಗ ತಲೆದೋರುತ್ತದೆ. ಅತಿ ಉದ್ದವಾದ ನರಗಳೇ ಅದರಲ್ಲಿ ಮೊದಲು ಸೊರಗುತ್ತವೆ. ದೂರ ಹೆಚ್ಚಿದಷ್ಟೂ ಸಾರಿಗೆಯ ಅಗತ್ಯ ಹೆಚ್ಚೆಂಬ ನಿಯಮ ನಮ್ಮ ದೇಹದಲ್ಲಿ ಇಂದಿಗೂ ಜಾರಿಯಲ್ಲಿದೆ.