ಮಾಯದ ಹುಣ್ಣು, ಮುಗಿಯದ ದಾರಿ

ಹೊಟ್ಟೆಯೊಳಗಿನ ರೋಗವನ್ನು ಕಾಣಲು ಯಂತ್ರ ಬೇಕು. ರಕ್ತದೊಳಗಿನದಕ್ಕೆ ಸೂಕ್ಷ್ಮದರ್ಶಕ ಬೇಕು. ಚರ್ಮದ ಕ್ಯಾನ್ಸರ್ ಹಾಗಲ್ಲ. ಅದು ರೋಗಿಯ ಕಣ್ಣೆದುರಿನಲ್ಲಿಯೇ, ಮನೆಮಂದಿಯೆಲ್ಲರ ಕಣ್ಣೆದುರಿನಲ್ಲಿಯೇ ಬೆಳೆಯುತ್ತದೆ. ಆದರೂ ನಮ್ಮ ಹಳ್ಳಿಗಳ ರೋಗಿಗಳಲ್ಲಿ ಅನೇಕರು ದೊಡ್ಡ ಆಸ್ಪತ್ರೆಯ ಮೆಟ್ಟಿಲು ಹತ್ತುವ ವೇಳೆಗೆ ತೀರ ತಡವಾಗಿರುತ್ತದೆ. ಇದೇಕೆ ಹೀಗೆ?

ಯಾದಗಿರಿ ಜಿಲ್ಲೆಯ ಹಳ್ಳಿಯೊಂದರ ಕೂಲಿ ಹೆಂಗಸೊಬ್ಬಳನ್ನು ವಾಚಕರು ಕಲ್ಪಿಸಿಕೊಳ್ಳಲಿ. ವಯಸ್ಸು ಐವತ್ತರ ಆಸುಪಾಸು. ಹುಡುಗಿಯಾಗಿದ್ದಾಗ ಒಲೆಯ ಬೆಂಕಿ ಸೀರೆಗೆ ತಗುಲಿ ಮೀನಖಂಡ ಸುಟ್ಟಿತ್ತು. ಕಲೆ ಉಳಿಯಿತು, ನೆನಪು ಮಾಸಿತು. ಈಗ ಆ ಕಲೆಯ ನಡುವೆ ಒಂದು ಹುಣ್ಣು. ಮೊದಲು ಅರಿಸಿನ, ಬೇವಿನ ಸೊಪ್ಪು. ಆಮೇಲೆ ಊರಿಗೆ ಬರುವ ಡಾಕ್ಟರರ ಮುಲಾಮು, ಒಂದೆರಡು ಸೂಜಿ. “ನೋವಿಲ್ಲಲ್ಲವಾ, ತಾನ ಮಾಯ್ತದ ಬಿಡು” ಎಂದು ನೆರೆಮನೆಯಾಕೆಯ ಸಮಾಧಾನ. ನೋವಿಲ್ಲದಿರುವುದೇ ಈ ರೋಗದ ಮೋಸ. ಹಳೆಯ ಸುಟ್ಟ ಕಲೆಗಳಲ್ಲಿ ಏಳುವ ಇಂತಹ ಹುಣ್ಣನ್ನು ಫ್ರಾನ್ಸಿನ ಶಸ್ತ್ರವೈದ್ಯ ಮಾರ್ಜೊಲಿನ್ 1828ರಲ್ಲಿಯೇ ವರ್ಣಿಸಿದ್ದನು. ಬೆಂದ ಗಾಯ ಕ್ಯಾನ್ಸರಾಗಿ ಮಾರ್ಪಡಲು ಸಾಮಾನ್ಯವಾಗಿ ದಶಕಗಳೇ ಬೇಕು. ಎರಡಕ್ಕೂ ಸಂಬಂಧವುಂಟೆಂದು ಯಾರಿಗೆ ತಾನೆ ಹೊಳೆದೀತು?

ಬಿಳಿಯರ ದೇಶಗಳಲ್ಲಿ ಈ ರೋಗಕ್ಕೆ ಮುಖ್ಯ ಕಾರಣ ಬಿಸಿಲು. ನಮ್ಮ ಕಪ್ಪು ಮೈಬಣ್ಣ ಆ ಮಟ್ಟಿಗೆ ನಮಗೆ ಕವಚ. ಆದುದರಿಂದಲೇ ನಮ್ಮಲ್ಲಿ ಇದು ವಿರಳ, ವಿರಳವಾದುದರಿಂದಲೇ ಸಂಶಯವೂ ವಿರಳ. ಅಂಗಾಲಿನಲ್ಲಿ ಹಬ್ಬುವ ಕರಿಯ ಮಚ್ಚೆಯನ್ನು ಮುಳ್ಳು ಚುಚ್ಚಿದ ಗುರುತೆಂದು ಭಾವಿಸಿ ಕೆರೆದು ಸುಮ್ಮನಾಗುವವರುಂಟು. ಸೊಂಟಕ್ಕೆ ಬಿಗಿದ ಧೋತರದ ಗಂಟು ವರ್ಷಗಟ್ಟಲೆ ಉಜ್ಜಿದಲ್ಲಿಯೂ ಕ್ಯಾನ್ಸರ್ ಹುಟ್ಟುವುದನ್ನು ಮುಂಬಯಿಯ ಖಾನೋಲ್ಕರರು 1945ರಲ್ಲಿ ವರದಿ ಮಾಡಿದರು. ಇದೇ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕಥೆ ಇನ್ನೊಂದು ಬಗೆ. ಮಂಗಳೂರು ಎಂಬ ಊರಿನ ಪಾಳುಬಿದ್ದ ಚಿನ್ನದ ಗಣಿಗೆ ಸಮೀಪದ ಆ ತಾಂಡಾದ ಕೊಳವೆ ಬಾವಿಗಳ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷವಿತ್ತು. ಅಂಗೈ ಅಂಗಾಲುಗಳಲ್ಲಿ ಗಂಟುಗಳು, ಮೈಮೇಲೆ ಚುಕ್ಕೆಗಳು, ಕೆಲವರಲ್ಲಿ ಚರ್ಮದ ಕ್ಯಾನ್ಸರ್. ಈ ಮಂಗಳೂರು ಕಡಲತೀರದ ಮಂಗಳೂರಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಹೆಂಗಸಿನ ಬಳಿಗೆ ಹಿಂತಿರುಗೋಣ. ಆರು ತಿಂಗಳು ಕಳೆದು ಹುಣ್ಣಿನ ಅಂಚು ದಪ್ಪವಾಗಿ ದುರ್ವಾಸನೆ ಹೊರಟಾಗ ಆಕೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುತ್ತಾಳೆ. ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ. ಅಲ್ಲಿಂದ ಜಿಲ್ಲಾ ಕೇಂದ್ರಕ್ಕೆ. ಹುಣ್ಣಿನ ಅಂಚಿನಿಂದ ಒಂದು ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳುಹಿಸಬೇಕು. ಚೂರು ತೆಗೆಯುವುದು ಕೆಲವು ನಿಮಿಷಗಳ ಕೆಲಸ. ಫಲಿತಾಂಶಕ್ಕೆ ಮತ್ತೊಂದು ದಿನ ಬರಬೇಕು. ಅಂದಿನ ಕೂಲಿ ಹೋಯಿತು, ಜೊತೆಗೆ ಬಂದ ಮಗನದೂ ಹೋಯಿತು. ಮತ್ತೊಂದು ದಿನ ಬಂದರೆ ವರದಿ ಇನ್ನೂ ಸಿದ್ಧವಿರುವುದಿಲ್ಲ. ರೋಗಿಗಳು ಕಣ್ಮರೆಯಾಗುವುದು ಇಲ್ಲಿಯೇ.

ಹಣದ ವಿಷಯದಲ್ಲಿ ಪರಿಸ್ಥಿತಿ ಹಿಂದಿನಂತಿಲ್ಲ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ, ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಚಿತ. ಉಳಿದವರಿಗೆ ನಿಗದಿತ ವೆಚ್ಚದ ಶೇಕಡ 30ರಷ್ಟು, ಒಂದೂವರೆ ಲಕ್ಷದ ಮಿತಿಯಲ್ಲಿ. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಆಗದ ಚಿಕಿತ್ಸೆಯನ್ನು ಖಾಸಗಿಯಲ್ಲಿ ಪಡೆಯಬೇಕಾದರೆ ಸರ್ಕಾರಿ ವೈದ್ಯರ ಶಿಫಾರಸು ಪತ್ರ ಮೊದಲು ಕೈಯಲ್ಲಿರಬೇಕು. ಇದನ್ನರಿಯದೆ ಎತ್ತುಗಳನ್ನು ಮಾರಿ ನೇರವಾಗಿ ನರ್ಸಿಂಗ್ ಹೋಮಿಗೆ ಹೋದವನಿಗೆ ಯೋಜನೆಯ ಸುದ್ದಿ ತಿಳಿಯುವುದು ಬಿಲ್ಲು ಕಟ್ಟಿದ ಮೇಲೆ! ಇನ್ನು ರೋಗ ಇಂಥದೆಂದು ಪತ್ತೆಯಾಗುವ ತನಕದ ಅಲೆದಾಟಕ್ಕೆ, ಬಸ್ಸಿನ ದುಡ್ಡಿಗೆ, ತಪ್ಪಿದ ಕೂಲಿಗೆ ಯಾವ ಕಾರ್ಡೂ ಇಲ್ಲ.

ಚಿಕಿತ್ಸೆಯ ತಾಣಗಳು ಬೆಂಗಳೂರೊಂದೇ ಅಲ್ಲ. 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಸಂಸ್ಥೆಗೆ ಕಲಬುರಗಿಯಲ್ಲಿ ಶಾಖೆಯುಂಟು. ಹುಬ್ಬಳ್ಳಿಯ ನವನಗರದಲ್ಲಿಯೂ ಕ್ಯಾನ್ಸರ್ ಆಸ್ಪತ್ರೆಯುಂಟು. ರೈಲಿನಲ್ಲಿ ಹೋಗುವುದಾದರೆ, ಆಸ್ಪತ್ರೆಯ ಪ್ರಮಾಣಪತ್ರ ತೋರಿಸಿದ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆ ಪೂರ್ತಿ ಉಚಿತ, ಜೊತೆಗಾರನಿಗೆ ಶೇಕಡ 75ರ ರಿಯಾಯಿತಿ. ಈ ಸಂಗತಿಯನ್ನು ನಮ್ಮ ವಾಚಕರು ತಮ್ಮ ಊರಿನ ನಂಟರಿಗೆ ಒಂದು ಕಾಗದ ಬರೆದು ತಿಳಿಸಿದರೂ ಉಪಕಾರವಾದೀತು.

ಕಾಯಿಲೆಯ ಆರಂಭದಲ್ಲಿಯೇ ಬಂದಿದ್ದರೆ, ಆ ಭಾಗವನ್ನಷ್ಟೆ ಮರಗಟ್ಟಿಸಿ, ಹುಣ್ಣನ್ನು ಸುತ್ತಲಿನ ಒಂದಿಷ್ಟು ಆರೋಗ್ಯವಂತ ಚರ್ಮದೊಡನೆ ಕತ್ತರಿಸಿ ತೆಗೆದು, ಹೊಲಿಗೆ ಹಾಕಿ ಅಂದೇ ಮನೆಗೆ ಕಳುಹಿಸುವ ಸಂಭವವಿತ್ತು. ಗಡ್ಡೆ ಮೂಳೆಗೆ ಇಳಿದ ಮೇಲೆ ಕಾಲನ್ನೇ ತೆಗೆಯಬೇಕಾಗಬಹುದು. ತೊಡೆಸಂದಿಯ ಗ್ರಂಥಿಗಳನ್ನೂ ತೆಗೆಯಬೇಕಾಗಬಹುದು.

ನಮ್ಮ ಹೆಂಗಸಿನ ಕಾಲು ಉಳಿಯಿತೆಂದೇ ಇಟ್ಟುಕೊಳ್ಳೋಣ. ತೊಡೆಯ ಚರ್ಮ ತೆಗೆದು ಗಾಯಕ್ಕೆ ಹೊದಿಸಿದ್ದಾರೆ. ಬಿಡುಗಡೆಯ ಚೀಟಿಯಲ್ಲಿ ಮೂರು ತಿಂಗಳ ಬಳಿಕ ಮತ್ತೆ ಬಂದು ತೋರಿಸಬೇಕೆಂದು ಬರೆದಿದೆ. ಆಕೆ ಅದನ್ನು ಮಗನಿಂದ ಓದಿಸಿ, ಬೆರಳುಗಳ ಮೇಲೆ ತಿಂಗಳುಗಳನ್ನು ಎಣಿಸುತ್ತಾಳೆ. ಹತ್ತಿ ಬಿಡಿಸುವ ಸುಗ್ಗಿ ಸರಿಯಾಗಿ ಆಗಲೇ.