ಹಾಟ್ ಸೀಟಿನ ಲೆಕ್ಕ ತಪ್ಪಿದ್ದೆಲ್ಲಿ?

ಅಮೆರಿಕದ ಎಬಿಸಿ ವಾಹಿನಿಯಲ್ಲಿ 1999ರ ನವೆಂಬರ್ 19ರಂದು ಜಾನ್ ಕಾರ್ಪೆಂಟರ್ ಎಂಬ ಸ್ಪರ್ಧಿಯ ಮುಂದೆ ಹತ್ತು ಲಕ್ಷ ಡಾಲರಿನ ಪ್ರಶ್ನೆ ಬಂತು. ‘ಲಾಫ್-ಇನ್’ ಎಂಬ ಹಾಸ್ಯ ಕಾರ್ಯಕ್ರಮದಲ್ಲಿ ಮುಖ ತೋರಿಸಿದ್ದ ಅಮೆರಿಕದ ಅಧ್ಯಕ್ಷರು ಯಾರು ಎಂಬುದು ಆ ಪ್ರಶ್ನೆ. ಹದಿನಾಲ್ಕು ಪ್ರಶ್ನೆ ದಾಟಿ ಬಂದಿದ್ದರೂ ಅವರು ಉತ್ತರಕ್ಕೆ ನೆರವಾಗುವ ಒಂದು ಲೈಫ್‌ಲೈನನ್ನೂ ಮುಟ್ಟಿರಲಿಲ್ಲ. ಈಗ ಅಪ್ಪನಿಗೆ ಫೋನ್ ಹಚ್ಚಿ ಎಂದರು. ಅಪ್ಪ ಸಿಕ್ಕಮೇಲೆ ಹೇಳಿದ್ದು ಇಷ್ಟೇ: ನಿಮ್ಮ ಸಹಾಯವೇನೂ ಬೇಡ, ಹತ್ತು ಲಕ್ಷ ಗೆಲ್ಲುತ್ತಿದ್ದೇನೆ, ತಿಳಿಸೋಣ ಅಂತ ಮಾಡಿದೆ. ಆಮೇಲೆ ರಿಚರ್ಡ್ ನಿಕ್ಸನ್ ಎಂದು ಉತ್ತರ ಕೊಟ್ಟು ಗೆದ್ದರು. ಅಂಥ ಗಳಿಗೆಗೆ ಜಾಗ ಮಾಡಿಕೊಟ್ಟದ್ದು ಆಟದ ನಿಯಮಗಳು. ಲೈಫ್‌ಲೈನನ್ನು ಯಾವಾಗ, ಯಾತಕ್ಕೆ ಬಳಸಬೇಕೆಂಬುದು ಸ್ಪರ್ಧಿಗೆ ಬಿಟ್ಟದ್ದು, ಯೋಚಿಸಲು ಕಾಲಮಿತಿ ಇರಲಿಲ್ಲ, ಎಷ್ಟು ಹಣ ಪಣಕ್ಕಿದೆ ಎಂಬುದು ಮನೆಯಲ್ಲಿ ಕೂತವರಿಗೂ ಗೊತ್ತಿತ್ತು. ಮುಂದಿನ ಹನ್ನೊಂದು ವರ್ಷಗಳಲ್ಲಿ ಅದೇ ದೇಶದ ಅದೇ ಕಾರ್ಯಕ್ರಮ ಇವುಗಳಲ್ಲಿ ಕೊನೆಯ ಎರಡನ್ನು ಒಂದೊಂದಾಗಿ ಕೈಬಿಟ್ಟು ನೋಡಿತು.

‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಹುಟ್ಟಿದ್ದು ಬ್ರಿಟನ್ನಿನ ಐಟಿವಿಯಲ್ಲಿ, 1998ರ ಸೆಪ್ಟೆಂಬರ್ 4ರಂದು. ನಮ್ಮಲ್ಲಿ 2000ದ ಜುಲೈಯಲ್ಲಿ ಅಮಿತಾಭ್ ಬಚ್ಚನ್ ಅವರ ‘ಕೌನ್ ಬನೇಗಾ ಕರೋಡ್‌ಪತಿ’ಯಾಗಿ, 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ‘ಕನ್ನಡದ ಕೋಟ್ಯಧಿಪತಿ’ಯಾಗಿ ಬಂದದ್ದೂ ಇದೇ ಆಟ. ಇದರ ಯಶಸ್ಸಿಗೆ ಬಹುಮಾನದ ಗಾತ್ರವೇ ಕಾರಣ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಅದು ಅರ್ಧ ಸತ್ಯವೆನಿಸುತ್ತದೆ. ಹಣವೇ ಎಲ್ಲವೂ ಆಗಿದ್ದರೆ, ಗೆದ್ದವರಿಗೆ ಪುಸ್ತಕ ಕೊಟ್ಟು ಕಳಿಸುವ ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ 2002ರಲ್ಲಿ ಶುರುವಾಗಿ ಇಷ್ಟು ಕಾಲ ಬಾಳುತ್ತಿರಲಿಲ್ಲ. ಮಿಲಿಯನೇರ್ ಆಟದ ಜೀವ ಇದ್ದದ್ದು ಉತ್ತರ ಗೊತ್ತೇ ಎಂಬುದಕ್ಕಿಂತ ಹೆಚ್ಚಾಗಿ, ಅರ್ಧಂಬರ್ಧ ಗೊತ್ತಿರುವಾಗ ಆಡಬೇಕೇ, ಹೊರಡಬೇಕೇ ಎಂಬ ತೀರ್ಮಾನದಲ್ಲಿ. ಆ ತೀರ್ಮಾನವನ್ನು ನೋಡುಗ ಸ್ಪರ್ಧಿಯ ಜೊತೆಜೊತೆಗೇ ಲೆಕ್ಕ ಹಾಕಬಲ್ಲವನಾಗಿದ್ದ. ಯಾವ ನಿಯಮ ಬದಲಾವಣೆ ಆ ಲೆಕ್ಕವನ್ನು ಮಬ್ಬು ಮಾಡಿತೋ ಅದು ಕಾರ್ಯಕ್ರಮವನ್ನು ಸೊರಗಿಸಿತು ಎಂಬುದು ಇಲ್ಲಿನ ವಾದ.

ಲೆಕ್ಕವನ್ನು ಒಮ್ಮೆ ಹತ್ತಿರದಿಂದ ನೋಡೋಣ. ಬ್ರಿಟನ್ನಿನ ಮೂಲ ಆಟದಲ್ಲಿ ಹದಿನೈದು ಪ್ರಶ್ನೆ, ನೂರು ಪೌಂಡಿನಿಂದ ಹತ್ತು ಲಕ್ಷದವರೆಗೆ. 1,000 ಮತ್ತು 32,000 ಪೌಂಡು ಸುರಕ್ಷಿತ ಮೆಟ್ಟಿಲುಗಳು. ಅವನ್ನು ದಾಟಿದ ಮೇಲೆ ತಪ್ಪಿದರೂ ಅಲ್ಲಿಗಿಂತ ಕೆಳಗೆ ಬೀಳುವುದಿಲ್ಲ. ಐದು ಲಕ್ಷ ಗೆದ್ದು ಕೊನೆಯ ಪ್ರಶ್ನೆ ಎದುರಿಸುವವರು ಸರಿಯಾದರೆ ಇನ್ನೈದು ಲಕ್ಷ ಗಳಿಸುತ್ತಾರೆ, ತಪ್ಪಿದರೆ 4,68,000 ಕಳೆದುಕೊಳ್ಳುತ್ತಾರೆ. ಬರೀ ಸರಾಸರಿಯ ಲೆಕ್ಕದಲ್ಲಿ ಉತ್ತರದ ಬಗ್ಗೆ ಶೇ. 48.3ರಷ್ಟು ಭರವಸೆ ಇದ್ದರೆ ಸಾಕು, ಆಡಬಹುದು. ಏನೂ ಗೊತ್ತಿಲ್ಲದವರಿಗೆ ನಾಲ್ಕು ಆಯ್ಕೆಗಳಲ್ಲಿ ಇರುವ ಅವಕಾಶ ಶೇ. 25, ಎರಡು ತಪ್ಪು ಆಯ್ಕೆಗಳನ್ನು ತೆಗೆದುಹಾಕುವ ಫಿಫ್ಟಿ-ಫಿಫ್ಟಿ ಬಳಸಿದರೆ ಶೇ. 50. ಅಂದರೆ ಆ ಒಂದು ಲೈಫ್‌ಲೈನ್ ಸ್ಪರ್ಧಿಯನ್ನು ಗೆರೆಯ ಈಚೆಗೆ ಕೂದಲೆಳೆಯಷ್ಟು ದಾಟಿಸುತ್ತದೆ. ಆದರೆ ಯಾರೂ ಬರೀ ಸರಾಸರಿಯ ಮೇಲೆ ಬದುಕುವುದಿಲ್ಲ. ಹಣ ಹೆಚ್ಚಿದಂತೆ ಪ್ರತಿ ಹೆಚ್ಚುವರಿ ಪೌಂಡಿನ ಬೆಲೆ ನಮ್ಮ ಮನಸ್ಸಿಗೆ ಕುಗ್ಗುತ್ತ ಹೋಗುತ್ತದೆ, ಅದು ಲಾಗರಿದಮ್‌ನಂತೆ ಬೆಳೆಯುತ್ತದೆ ಎಂದು ಡೇನಿಯಲ್ ಬರ್ನೌಲಿ 1738ರಲ್ಲೇ ಪ್ರತಿಪಾದಿಸಿದ್ದ. ಬಹುಮಾನದ ಹಣಕ್ಕಷ್ಟೇ ಆ ಸೂತ್ರ ಹಚ್ಚಿದರೆ ಕೊನೆಯ ಪ್ರಶ್ನೆಗೆ ಬೇಕಾದ ಭರವಸೆ ಶೇ. 80ರ ಹತ್ತಿರ ಬರುತ್ತದೆ. ರೋಜರ್ ಹಾರ್ಟ್‌ಲಿ, ಗೋಥಿಯೆ ಲಾನೋ ಮತ್ತು ಇಯಾನ್ ವಾಕರ್ ಎಂಬ ಅರ್ಥಶಾಸ್ತ್ರಜ್ಞರು ಈ ಆಟದ ಬ್ರಿಟಿಷ್ ಸ್ಪರ್ಧಿಗಳ ತೀರ್ಮಾನಗಳನ್ನು ಅಧ್ಯಯನ ಮಾಡಿದಾಗ ಅವರ ನಡವಳಿಕೆ ಬರ್ನೌಲಿಯ ಸೂತ್ರಕ್ಕೆ ಹತ್ತಿರವಾಗಿಯೇ ಇತ್ತು. ನಲವತ್ತೆಂಟಕ್ಕೂ ಎಂಬತ್ತಕ್ಕೂ ನಡುವಿನ ಆ ಅಂತರದಲ್ಲೇ ಸೋಫಾದ ಮೇಲಿನ ಜಗಳಗಳೆಲ್ಲ ಹುಟ್ಟುವುದು. ಒಬ್ಬರಿಗೆ ‘ಆಡಬೇಕಿತ್ತು’ ಅನ್ನಿಸುತ್ತದೆ, ಇನ್ನೊಬ್ಬರಿಗೆ ‘ಎದ್ದು ಬಂದದ್ದೇ ಒಳ್ಳೆಯದಾಯಿತು’. ಇಬ್ಬರ ಮಾತಿಗೂ ಆಧಾರ ಇರುತ್ತದೆ.

ಜಗಳಕ್ಕೆ ಇಳಿಯಬೇಕಾದರೆ ಇಬ್ಬರಿಗೂ ಲೆಕ್ಕದ ಎಲ್ಲ ಅಂಕಿಗಳು ಮೊದಲೇ ಗೊತ್ತಿರಬೇಕು. ಜೆಫ್ರಿ ಇಲೀ, ಅಲೆಕ್ಸಾಂಡರ್ ಫ್ರಾಂಕೆಲ್ ಮತ್ತು ಎಮಿರ್ ಕಮೆನಿತ್ಸಾ 2015ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಕಾತರ ಮತ್ತು ಅಚ್ಚರಿ ಎರಡಕ್ಕೂ ಗಣಿತದ ರೂಪ ಕೊಟ್ಟಿತು. ಮುಂದಿನ ಗಳಿಗೆಯಲ್ಲಿ ನಮ್ಮ ಅಂದಾಜು ಎಷ್ಟು ದೂರ ಓಲಾಡಬಹುದು ಎಂಬ ನಿರೀಕ್ಷೆಯೇ ಕಾತರ; ಅದು ನಿಜವಾಗಿ ಎಷ್ಟು ಓಲಾಡಿತು ಎಂಬುದು ಅಚ್ಚರಿ. ಒಂದು ಫಲಿತಾಂಶಕ್ಕೆ ಮೊದಲಿನದು, ಇನ್ನೊಂದು ನಂತರದ್ದು. ಏನಾಗಬಹುದು ಎಂಬುದರ ಪಟ್ಟಿ ಮತ್ತು ಅವುಗಳ ಸಾಧ್ಯತೆ ನೋಡುಗನಿಗೆ ಗೊತ್ತಿಲ್ಲದಿದ್ದರೆ ಕಾತರ ಬೆಳೆಯಲು ನೆಲವೇ ಇರುವುದಿಲ್ಲ. ಅಚ್ಚರಿ ಹಾಗಲ್ಲ, ಯಾವುದನ್ನಾದರೂ ಬಚ್ಚಿಟ್ಟು ಆಮೇಲೆ ಬಿಚ್ಚಿದರೆ ಹುಟ್ಟಿಬಿಡುತ್ತದೆ. ಹಳೆಯ ಮಿಲಿಯನೇರ್ ಏಣಿ ಕಾತರಕ್ಕೆ ಹೇಳಿ ಮಾಡಿಸಿದಂತಿತ್ತು. ಮೊತ್ತ ಏರಿದಂತೆ ಪ್ರಶ್ನೆಯೂ ಕಠಿಣವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಹಾಗಾಗಿ ಮುಂದಿನ ಪ್ರಶ್ನೆಯನ್ನು ನೋಡುವ ಮೊದಲೇ ಅಂದಾಜು ಶುರು. ಲೈಫ್‌ಲೈನ್‌ಗಳ ಬೆಲೆಯೂ ನೋಡುಗರಿಗೆ ಅನುಭವದಿಂದ ತಿಳಿದಿತ್ತು. ಜೇಮ್ಸ್ ಸುರೊವೆಕಿ 2004ರ ತಮ್ಮ ಪುಸ್ತಕದಲ್ಲಿ ಕೊಟ್ಟ ಅಂಕಿಗಳ ಪ್ರಕಾರ ಅಮೆರಿಕದ ಆವೃತ್ತಿಯಲ್ಲಿ ಫೋನಿನ ಗೆಳೆಯರು ಸರಿ ಹೇಳಿದ್ದು ಸುಮಾರು ಶೇ. 65 ಸಲ, ಸ್ಟುಡಿಯೊದ ಪ್ರೇಕ್ಷಕರು ಶೇ. 91 ಸಲ. ಪ್ರೇಕ್ಷಕರನ್ನು ಸಾಮಾನ್ಯವಾಗಿ ಸುಲಭದ ಪ್ರಶ್ನೆಗೇ ಕೇಳುತ್ತಿದ್ದರು ಎಂಬ ಅಂಶವನ್ನೂ ಇದರ ಜೊತೆ ಹಿಡಿಯಬೇಕು, ಇಲ್ಲವಾದರೆ ಜನಸಮೂಹದ ಜಾಣತನಕ್ಕೆ ಸಲ್ಲಬೇಕಾದ್ದಕ್ಕಿಂತ ಹೆಚ್ಚು ಕೀರ್ತಿ ಸಂದೀತು.

ಈ ಲೆಕ್ಕವನ್ನು ಕೆಡಿಸಿದ ಬದಲಾವಣೆಗಳಲ್ಲಿ ಮೊದಲು ಬಂದದ್ದು ಗಡಿಯಾರ. ಅಮೆರಿಕದ ಆವೃತ್ತಿ 2008ರಲ್ಲಿ ಮೊದಲ ಐದು ಪ್ರಶ್ನೆಗೆ 15 ಸೆಕೆಂಡು, ನಂತರದ ಐದಕ್ಕೆ 30, ಆಮೇಲಿನವಕ್ಕೆ 45 ಸೆಕೆಂಡು ಎಂದು ಗೊತ್ತುಮಾಡಿತು. ಸಮಯ ಮುಗಿದರೆ ಗೆದ್ದಷ್ಟು ಹಣ ಹಿಡಿದು ಎದ್ದುಹೋಗಬೇಕು. ಮೇಲುನೋಟಕ್ಕೆ ಇದರಿಂದ ಬಿಸಿ ಏರಬೇಕಿತ್ತು. ಆದರೆ ಮನಸ್ಸು ತೀರ್ಮಾನಕ್ಕೆ ಬರುವ ಬಗೆಯನ್ನು ರೋಜರ್ ರ‍್ಯಾಟ್‌ಕ್ಲಿಫ್ 1978ರಲ್ಲಿ ಮಂಡಿಸಿದ ಮಾದರಿ ಹೇಗೆ ವಿವರಿಸುತ್ತದೆ ನೋಡಿ: ಒಳಗೆ ಸಾಕ್ಷ್ಯ ಇಷ್ಟಿಷ್ಟೇ ಕೂಡುತ್ತ ಹೋಗಿ, ಒಂದು ಗಡಿ ಮುಟ್ಟಿದಾಗ ಉತ್ತರ ಹೊರಬೀಳುತ್ತದೆ. ಆತುರ ಹೆಚ್ಚಿದರೆ ಆ ಗಡಿ ಕೆಳಗಿಳಿಯುತ್ತದೆ, ಉತ್ತರ ಬೇಗ ಬರುತ್ತದೆ, ತಪ್ಪೂ ಹೆಚ್ಚುತ್ತದೆ. ಇಷ್ಟೇ ಆಗಿದ್ದರೆ ನಷ್ಟ ಸ್ಪರ್ಧಿಯದ್ದು ಮಾತ್ರ. ನೋಡುಗನ ನಷ್ಟ ಬೇರೆ. ಕಾಲಮಿತಿ ಇಲ್ಲದಾಗ ಸ್ಪರ್ಧಿ ಗಟ್ಟಿಯಾಗಿ ಯೋಚಿಸುತ್ತಿದ್ದ, ‘ಬಿ ಆಗಿರಲಾರದು, ಆ ಕಾಲಕ್ಕೆ ಅವನು ಸತ್ತಿದ್ದ, ಡಿ ಎಂದೂ ಕೇಳಿಲ್ಲ’ ಎಂದು ಒಂದೊಂದನ್ನೇ ತೆಗೆದುಹಾಕುತ್ತಿದ್ದ. ಸಾಕ್ಷ್ಯ ಕೂಡುವ ಆ ಕ್ರಿಯೆಯೇ ಕಾರ್ಯಕ್ರಮವಾಗಿತ್ತು. ನಲವತ್ತೈದು ಸೆಕೆಂಡಿನಲ್ಲಿ ಮಾತಾಡುವ ಪುರುಸೊತ್ತಿಲ್ಲ, ತುಟಿ ಬಿಗಿದು ಯೋಚಿಸಬೇಕು. ಪರದೆಯ ಮೇಲೆ ಉಳಿಯುವುದು ಇಳಿಯುತ್ತಿರುವ ಅಂಕಿ ಮಾತ್ರ.

ಎಲ್ಲ ಗಡಿಯಾರವೂ ಒಂದೇ ಅಲ್ಲ ಎಂಬುದನ್ನು ಒಪ್ಪಲೇಬೇಕು. ಬ್ರಿಟನ್ 2010ರಲ್ಲಿ ತಂದ ಗಡಿಯಾರ ಆರಂಭದ ಏಳು ಪ್ರಶ್ನೆಗಳಿಗಷ್ಟೇ ಇತ್ತು. ಹಿಂದಿಯ ಕರೋಡ್‌ಪತಿಯಲ್ಲೂ ಟಿಕ್‌ಟಿಕ್ ಸದ್ದು ಕೆಳಗಿನ ಮೆಟ್ಟಿಲುಗಳಲ್ಲೇ ನಿಲ್ಲುತ್ತದೆ, ದೊಡ್ಡ ಮೊತ್ತದ ಪ್ರಶ್ನೆಗಳಿಗೆ ಬಚ್ಚನ್ ಸಾಹೇಬರು ನಿಧಾನವಾಗಿ ಯೋಚಿಸಲು ಬಿಡುತ್ತಾರೆ. ಸುಲಭದ ಪ್ರಶ್ನೆಯ ಮುಂದೆ ಎಳೆದಾಡುವುದನ್ನು ಕತ್ತರಿಸುವ ಗಡಿಯಾರಕ್ಕೂ ಹತ್ತು ಲಕ್ಷದ ತೀರ್ಮಾನದ ಮೇಲೆ ಕೂರುವ ಗಡಿಯಾರಕ್ಕೂ ಬಹಳ ಅಂತರ.

ನಿಜವಾದ ಪೆಟ್ಟು ಬಿದ್ದದ್ದು 2010ರಲ್ಲಿ, ಅಮೆರಿಕದವರು ಗಡಿಯಾರವನ್ನು ತೆಗೆದು ‘ಶಫಲ್’ ಪದ್ಧತಿ ತಂದಾಗ. ಮೊದಲ ಸುತ್ತಿನ ಹತ್ತು ಪ್ರಶ್ನೆಗಳ ಕಷ್ಟದ ಮಟ್ಟವನ್ನೂ ಮೊತ್ತವನ್ನೂ ಬೇರೆಬೇರೆಯಾಗಿ ಕಲಸಿಟ್ಟರು. ನೂರು ಡಾಲರಿನಿಂದ 25,000ದವರೆಗಿನ ಹತ್ತು ಮೊತ್ತಗಳು, ಎಲ್ಲ ಸೇರಿ 68,600. ಯಾವ ಪ್ರಶ್ನೆಗೆ ಯಾವ ಮೊತ್ತ ಎಂಬುದು ಉತ್ತರ ಹೇಳಿದ ಮೇಲಷ್ಟೇ ಬಯಲಾಗುತ್ತಿತ್ತು. ಸುತ್ತಿನ ನಡುವೆ ಎದ್ದುಹೋದರೆ ಕೂಡಿಟ್ಟಿದ್ದರ ಅರ್ಧ, ತಪ್ಪು ಹೇಳಿದರೆ ಬರೀ 1,000. ಈಗ ಒಂದು ಸ್ಥಿತಿ ಊಹಿಸಿಕೊಳ್ಳಿ. ನಾಲ್ಕು ಸರಿಯುತ್ತರಕ್ಕೆ 25,000, 10,000, 3,000 ಮತ್ತು 2,000 ಬಂದಿವೆ, ಒಟ್ಟು 40,000. ಎದ್ದರೆ 20,000 ಸಿಗುತ್ತದೆ. ಉಳಿದ ಆರು ಮೊತ್ತಗಳಲ್ಲಿ ನೂರೂ ಇದೆ, 15,000ವೂ ಇದೆ. ಇನ್ನೊಂದು ಪ್ರಶ್ನೆ ಆಡಿ ಗೆದ್ದು, ನೂರೇ ಬಂದರೆ, ಎದ್ದುಹೋಗುವ ಮೊತ್ತ ಏರುವುದು ಐವತ್ತು ಡಾಲರು. ಆ ಐವತ್ತಕ್ಕಾಗಿ ಪಣಕ್ಕಿಟ್ಟದ್ದು 19,000. ಆರರ ಸರಾಸರಿ ಹಿಡಿದರೂ ಏರಿಕೆ ಸುಮಾರು 2,400 ಮಾತ್ರ. ಮುಂದಿನ ಸುತ್ತಿನ ಆಸೆಯನ್ನು ಬದಿಗಿಟ್ಟರೆ, ಆಡಲು ಶೇ. 89ರಷ್ಟು ಭರವಸೆ ಬೇಕು. ಹಳೆಯ ಏಣಿಯಲ್ಲಿ ಒಂದೊಂದು ಮೆಟ್ಟಿಲಿಗೂ ಬಹುಮಾನ ಸರಿಸುಮಾರು ಇಮ್ಮಡಿಯಾಗುತ್ತಿತ್ತು, ಅಪಾಯಕ್ಕೆ ತಕ್ಕ ಕೂಲಿ ಇತ್ತು. ಇಲ್ಲಿ ಅಪಾಯ ಪ್ರಶ್ನೆಯಿಂದ ಪ್ರಶ್ನೆಗೆ ಬೆಳೆಯುತ್ತದೆ, ಕೂಲಿ ಚೀಟಿ ಎತ್ತಿದಂತೆ ಬರುತ್ತದೆ.

ಯಾವ ಮೊತ್ತ ಬರುತ್ತದೋ ಎಂಬ ಕುತೂಹಲವೂ ಕಾತರವೇ ಅಲ್ಲವೇ ಎಂದು ಕೇಳಬಹುದು. ಹೌದು, ಲಾಟರಿಯಲ್ಲಿ ಇರುವಷ್ಟು ಇದೆ. ‘ಡೀಲ್ ಆರ್ ನೋ ಡೀಲ್’ ಎಂಬ ಆಟ ಅಂಥ ಕಾತರದ ಮೇಲೇ ನಿಂತಿತ್ತು. ಅದರ 151 ಸ್ಪರ್ಧಿಗಳ ನಡವಳಿಕೆಯ ಮೇಲೆ ರಿಚರ್ಡ್ ಥೇಲರ್ ಮತ್ತು ಸಂಗಡಿಗರು 2008ರಲ್ಲಿ ಒಳ್ಳೆಯ ಪ್ರಬಂಧವನ್ನೇ ಬರೆದರು. ಆದರೆ ಅಲ್ಲಿ ಉಳಿದ ಮೊತ್ತಗಳ ಪಟ್ಟಿ ಸದಾ ಕಣ್ಣಮುಂದೆ ಇರುತ್ತದೆ, ಎದ್ದರೆ ಎಷ್ಟು ಸಿಗುತ್ತದೆ ಎಂಬುದು ನೇರವಾಗಿ ಕೇಳಿಸುತ್ತದೆ, ಮತ್ತು ಜ್ಞಾನಕ್ಕೂ ಹಣಕ್ಕೂ ನಂಟಿದೆಯೆಂದು ಅದು ನಟಿಸುವುದಿಲ್ಲ. ಶಫಲ್ ಪದ್ಧತಿಯಲ್ಲಿ ಕಠಿಣ ಪ್ರಶ್ನೆಯನ್ನು ಬಿಡಿಸಿದವರಿಗೆ ನೂರು ಡಾಲರು, ಮಗ್ಗಿ ಹೇಳಿದಷ್ಟು ಸುಲಭದ್ದಕ್ಕೆ 25,000 ಬರಬಹುದಿತ್ತು. ಅಚ್ಚರಿ ಹೆಚ್ಚಿತು, ನಿಜ. ಆ ಅಚ್ಚರಿಗೆ ತೆತ್ತ ಬೆಲೆ, ‘ನೀನಾಗಿದ್ದರೆ ಏನು ಮಾಡುತ್ತಿದ್ದೆ’ ಎಂಬ ಮನೆಯವರ ಪ್ರಶ್ನೆ.

ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ: ಕಾರ್ಯಕ್ರಮ ಸೊರಗಿದ್ದಕ್ಕೆ ನಿಯಮಗಳನ್ನು ಯಾಕೆ ದೂರಬೇಕು? ಎಬಿಸಿ ಅದನ್ನು ವಾರಕ್ಕೆ ಹಲವು ರಾತ್ರಿ ತೋರಿಸಿ ಜನಕ್ಕೆ ಸಾಕೆನಿಸಿತು. 2002ರಲ್ಲಿ ಪ್ರೈಮ್ ಟೈಮಿನಿಂದ ಅದು ಇಳಿದಾಗ ಗಡಿಯಾರವೂ ಇರಲಿಲ್ಲ, ಶಫಲ್ಲೂ ಇರಲಿಲ್ಲ. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಹಳೆಯ ನಿಯಮದ ಆಟವನ್ನೂ ಹೊಸ ನಿಯಮದ ಆಟವನ್ನೂ ಒಂದೇ ಕಾಲಕ್ಕೆ ಒಂದೇ ಬಗೆಯ ಪ್ರೇಕ್ಷಕರಿಗೆ ತೋರಿಸಿ ಹೋಲಿಸಿದ ಪ್ರಯೋಗ ನಮ್ಮ ಮುಂದಿಲ್ಲ, ಹಾಗಾಗಿ ಜನಪ್ರಿಯತೆಯ ಕುಸಿತದಲ್ಲಿ ನಿಯಮಗಳ ಪಾಲೆಷ್ಟು ಎಂದು ಅಳೆಯಲಾಗದು. ನಾನು ಹೇಳುತ್ತಿರುವುದು ಅದಕ್ಕಿಂತ ಕಿರಿದಾದ ಮಾತು: ಬೇಸತ್ತ ಪ್ರೇಕ್ಷಕರನ್ನು ಕರೆತರಲು ಮಾಡಿದ ಬದಲಾವಣೆ, ಅವರು ಮೊದಲು ಬಂದದ್ದೇ ಯಾತಕ್ಕಾಗಿಯೋ ಅದನ್ನೇ ತೆಗೆದುಹಾಕಿತು. ಶಫಲ್ ಪದ್ಧತಿಯನ್ನು 2015ರಲ್ಲಿ ಕೈಬಿಟ್ಟು ಏರುವ ಏಣಿಗೇ ಮರಳಿದ್ದು ನಿರ್ಮಾಪಕರಿಗೂ ಹೀಗೇ ಅನ್ನಿಸಿರಬಹುದು ಎಂಬುದರ ಸುಳಿವು.

ಕೆಲವು ಬದಲಾವಣೆ ಅನಿವಾರ್ಯವೇ ಆಗಿತ್ತು. ಫೋನ್ ಲೈಫ್‌ಲೈನನ್ನು ಅಮೆರಿಕ 2010ರ ಜನವರಿಯಲ್ಲಿ ಕೈಬಿಟ್ಟದ್ದು ಆ ಕಡೆಯ ಗೆಳೆಯ ಇಂಟರ್‌ನೆಟ್ಟಿನಲ್ಲಿ ಹುಡುಕಿ ಹೇಳುವುದು ಮಾಮೂಲಾದ್ದರಿಂದ. ಆದರೆ ಸೋರುವ ಜಾಗವನ್ನಷ್ಟೇ ಮುಚ್ಚುವ ದಾರಿಯೂ ಇತ್ತು. ಹಿಂದಿಯಲ್ಲಿ ಅದನ್ನು ವಿಡಿಯೊ ಕರೆಯಾಗಿಸಿ ಗೆಳೆಯನನ್ನು ಕಣ್ಣೆದುರಿಗೇ ಕೂರಿಸಿದರು. ಇನ್ನು, ಒಳ್ಳೆಯ ನಿಯಮ ಬದಲಾವಣೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅಮೆರಿಕದ ‘ಜೆಪರ್ಡಿ’ ಎಂಬ ಕ್ವಿಜ್ ಕಾರ್ಯಕ್ರಮದಲ್ಲಿ 1984ರ ಆವೃತ್ತಿ ಶುರುವಾದಾಗ ಪ್ರಶ್ನೆ ಓದಿ ಮುಗಿಯುವ ಮೊದಲೇ ಬಜರ್ ಒತ್ತಬಹುದಿತ್ತು. ಮರುವರ್ಷವೇ ಅದನ್ನು ನಿಲ್ಲಿಸಿದರು. ಪೂರ್ತಿ ಓದಿ ಆಗುವವರೆಗೆ ಕಾಯಬೇಕಾದ್ದರಿಂದ ಮನೆಯಲ್ಲಿ ಕೂತವರಿಗೂ ಉತ್ತರ ಹೇಳಲು ಬಿಡುವು ಸಿಕ್ಕಿತು. ಸತತ ಐದು ದಿನ ಗೆದ್ದವರು ನಿವೃತ್ತರಾಗಬೇಕೆಂಬ ನಿಯಮವನ್ನು 2003ರಲ್ಲಿ ತೆಗೆದರು, ಮರುವರ್ಷ ಕೆನ್ ಜೆನ್ನಿಂಗ್ಸ್ 74 ಪಂದ್ಯ ಗೆದ್ದು ದೇಶವನ್ನೇ ಟೀವಿ ಮುಂದೆ ಕೂರಿಸಿದರು. ಎರಡೂ ನೋಡುಗನ ಲೆಕ್ಕವನ್ನು ಮುಟ್ಟಲಿಲ್ಲ; ಮೊದಲನೆಯದಂತೂ ಅವನನ್ನು ಆಟದೊಳಕ್ಕೆ ಎಳೆದುಕೊಂಡಿತು.

ಬ್ರಿಟನ್ 2018ರಲ್ಲಿ ಜೆರೆಮಿ ಕ್ಲಾರ್ಕ್‌ಸನ್ ನಿರೂಪಣೆಯಲ್ಲಿ ಕಾರ್ಯಕ್ರಮವನ್ನು ಮತ್ತೆ ತಂದಾಗ ಹದಿನೈದು ಪ್ರಶ್ನೆ ಮರಳಿದವು, ಗಡಿಯಾರ ಹೋಯಿತು. ಜೊತೆಗೆ ಹೊಸದೊಂದು ನಿಯಮ ಸೇರಿತು: ಎರಡನೆಯ ಸುರಕ್ಷಿತ ಮೆಟ್ಟಿಲು 32,000ಕ್ಕೇ ಅಂಟಿಕೊಂಡಿಲ್ಲ, ಅದು ಎಲ್ಲಿರಬೇಕೆಂದು ಮುಂದಿನ ಪ್ರಶ್ನೆ ನೋಡುವ ಮೊದಲು ಸ್ಪರ್ಧಿಯೇ ಹೇಳಬೇಕು. ಬೇಗ ಹೇಳಿದರೆ ಚಿಕ್ಕ ಮೊತ್ತ ಭದ್ರ; ತಡಮಾಡಿದರೆ ನಡುವೆ ತಪ್ಪಿ 1,000ಕ್ಕೆ ಉರುಳುವ ಭಯ. ಮೆಟ್ಟಿಲನ್ನು 64,000ಕ್ಕೆ ಇಟ್ಟವರಿಗೆ ಕೊನೆಯ ಪ್ರಶ್ನೆ ಆಡಲು ಸರಾಸರಿ ಲೆಕ್ಕದಲ್ಲಿ ಶೇ. 47ರಷ್ಟು ಭರವಸೆ ಬೇಕು, ಎರಡೂವರೆ ಲಕ್ಷಕ್ಕೆ ಇಟ್ಟವರಿಗೆ ಶೇ. 33 ಸಾಕು, ಐದು ಲಕ್ಷದವರೆಗೆ ಕಾದವರು ಕಣ್ಣುಮುಚ್ಚಿ ಊಹಿಸಿದರೂ ಕಳೆದುಕೊಳ್ಳುವುದೇನಿಲ್ಲ. ಆಟ ಹೀಗೆ ಮೊದಲಿಗಿಂತ ತೊಡಕಾಯಿತು, ಆದರೆ ತೊಡಕಿನ ಒಂದೊಂದು ಎಳೆಯೂ ಪರದೆಯ ಮೇಲೇ ಇದೆ. ಸ್ಪರ್ಧಿ ತನ್ನ ಬಗ್ಗೆ ತಾನೇ ಎಷ್ಟು ಬೆಲೆ ಕಟ್ಟಿಕೊಂಡಿದ್ದಾನೆ ಎಂಬುದನ್ನು ಆತ ಮೆಟ್ಟಿಲು ಇಡುವ ಜಾಗ ನೋಡಿಯೇ ಹೇಳಬಹುದು, ಅವನ ಲೆಕ್ಕ ತಪ್ಪೆಂದು ಮನೆಯಿಂದಲೇ ಕೂಗಲೂಬಹುದು.