ಏರಿಗೆ ತಕ್ಕ ಗಿಯರು

ಸೈಕಲ್ಲು ಕೊಳ್ಳಹೊರಟ ವಿದ್ಯಾರ್ಥಿಯು ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ “ಇದಕ್ಕೆ ಎಷ್ಟು ಗಿಯರು?” ಎಂಬುದು, ಎರಡನೆಯದು “ತೂಕವೆಷ್ಟು?” ಎಂಬುದು. ಇಪ್ಪತ್ತೊಂದು ಗಿಯರಿನದು ಏಳು ಗಿಯರಿನದಕ್ಕಿಂತ ಮೂರು ಪಟ್ಟು ಮೇಲೆಂದೂ, ಹಗುರವಾದ ಸೈಕಲ್ಲು ತಾನಾಗಿಯೇ ಗುಡ್ಡವನ್ನು ಏರುವುದೆಂದೂ ಬಹುಜನರ ನಂಬಿಕೆ. ಆದರೆ ಏರುದಾರಿಯ ಮಟ್ಟಿಗೆ ಈ ಎರಡಕ್ಕಿಂತಲೂ ಮುಖ್ಯವಾದ ಮೂರನೆಯ ಪ್ರಶ್ನೆಯೊಂದುಂಟು. ಅದನ್ನು ಕೇಳುವವರು ವಿರಳ. ಆ ಪ್ರಶ್ನೆ ಯಾವುದು, ಅಂಗಡಿಯಲ್ಲಿ ನಿಂತಲ್ಲಿಯೇ ಅದಕ್ಕೆ ಉತ್ತರವನ್ನು ಕಂಡುಕೊಳ್ಳುವ ಬಗೆ ಯಾವುದು ಎಂಬುದನ್ನು ತಿಳಿಯಲು ತರಗತಿಯಲ್ಲಿ ಕಲಿತ ಯಂತ್ರಶಾಸ್ತ್ರವೇ ಸಾಕು.

ಮೊದಲು ನಮ್ಮ ದಾರಿಯನ್ನು ಗೊತ್ತುಮಾಡಿಕೊಳ್ಳೋಣ. ಹುಬ್ಬಳ್ಳಿಯ ದಕ್ಷಿಣದ ಅಂಚಿನಲ್ಲಿರುವ ಗಬ್ಬೂರದಲ್ಲಿ, ಬೆಂಗಳೂರಿನ ಕಡೆಯಿಂದ ಬರುವ ಹೆದ್ದಾರಿಯು ಕವಲೊಡೆಯುತ್ತದೆ. ಒಂದು ಕವಲು ಊರನ್ನು ಹೊರಗಿಟ್ಟು ನರೇಂದ್ರದ ಕಡೆಗೆ ಸಾಗುವ ಬೈಪಾಸ್; ಲಾರಿಗಳು ಭರದಿಂದ ಓಡುವ ಆ ದಾರಿ ಸೈಕಲ್ ಸವಾರನಿಗೆ ತಕ್ಕುದಲ್ಲ. ಇನ್ನೊಂದು, ಎಲ್ಲರೂ ಪಿ.ಬಿ. ರಸ್ತೆ ಎಂದು ಕರೆಯುವ ಹಳೆಯ ಪುಣೆ–ಬೆಂಗಳೂರು ರಸ್ತೆ. ಅದು ಹುಬ್ಬಳ್ಳಿಯನ್ನು ಹೊಕ್ಕು ವಿದ್ಯಾನಗರ, ಉಣಕಲ್ಲು, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು, ನವಲೂರುಗಳನ್ನು ಹಾಯ್ದು ಧಾರವಾಡವನ್ನು ಸೇರುತ್ತದೆ. ಈ ದಾರಿಯಲ್ಲಿ ಗಬ್ಬೂರದಿಂದ ಧಾರವಾಡಕ್ಕೆ ಸುಮಾರು ೨೫ ಕಿಲೋಮೀಟರ್. ಧಾರವಾಡವು ಹುಬ್ಬಳ್ಳಿಗಿಂತ ಎತ್ತರದಲ್ಲಿರುವ ಊರು. ಲೆಕ್ಕದ ಅನುಕೂಲಕ್ಕಾಗಿ ಈ ಎತ್ತರವನ್ನು ೧೦೦ ಮೀಟರ್ ಎಂದು ಹಿಡಿಯೋಣ.

೨೫,೦೦೦ ಮೀಟರಿಗೆ ೧೦೦ ಮೀಟರ್ ಎಂದರೆ ಸರಾಸರಿ ಏರು ನೂರಕ್ಕೆ ೦.೪ ಮಾತ್ರ. ಇಷ್ಟು ಅಲ್ಪವಾದ ಏರಿಗೆ ಗಿಯರೇತಕ್ಕೆ ಎಂದು ಕೇಳಬಹುದು. ಆದರೆ ರಸ್ತೆಯು ತನ್ನ ಏರನ್ನು ಎಲ್ಲ ಕಡೆಗೂ ಸಮನಾಗಿ ಹಂಚಿಕೊಂಡಿರುವುದಿಲ್ಲ. ಒಂದೆಡೆ ಮಟ್ಟಸವಾಗಿ, ಒಂದೆಡೆ ಇಳಿದು, ಮತ್ತೊಂದೆಡೆ ಒಮ್ಮೆಲೆ ಹತ್ತುತ್ತದೆ. ಸವಾರನನ್ನು ದಣಿಸುವುದು ಸರಾಸರಿಯಲ್ಲ, ನಡುನಡುವೆ ಎದುರಾಗುವ ದಿಬ್ಬ. ಉಣಕಲ್ಲಿನ ಬಳಿಯ ನೃಪತುಂಗ ಬೆಟ್ಟವನ್ನು ಹತ್ತಬಯಸುವವನಿಗೂ, ಅಂಕೋಲೆಗೆ ಹೋಗಿ ಬರುವಾಗ ಯಲ್ಲಾಪುರದ ಕೆಳಗಿನ ಅರಬೈಲ ಘಟ್ಟವನ್ನು ಏರಬೇಕಾದವನಿಗೂ ಈ ಮಾತು ಇನ್ನೂ ಚೆನ್ನಾಗಿ ಮನವರಿಕೆಯಾಗುವುದು.

ಈಗ ಶಕ್ತಿಯ ಲೆಕ್ಕವನ್ನು ನೋಡೋಣ. ಸವಾರ, ಪುಸ್ತಕದ ಚೀಲ, ಸೈಕಲ್ಲು ಈ ಮೂರೂ ಕೂಡಿ ೮೦ ಕಿಲೋಗ್ರಾಂ ಇವೆಯೆಂದು ಭಾವಿಸೋಣ. ಇಷ್ಟು ಭಾರವನ್ನು ೧೦೦ ಮೀಟರ್ ಮೇಲಕ್ಕೆತ್ತಲು ಬೇಕಾದ ಶಕ್ತಿ ೮೦ × ೯.೮ × ೧೦೦, ಎಂದರೆ ೭೮,೪೦೦ ಜೂಲ್. ಆಹಾರದ ಮಾನದಲ್ಲಿ ಹೇಳುವುದಾದರೆ ಸುಮಾರು ೧೯ ಕಿಲೋಕ್ಯಾಲರಿ. ನಮ್ಮ ಸ್ನಾಯುಗಳು ಉಂಡ ಅನ್ನದ ಶಕ್ತಿಯಲ್ಲಿ ಸುಮಾರು ಕಾಲುಭಾಗವನ್ನಷ್ಟೇ ಕೆಲಸವಾಗಿ ಮಾರ್ಪಡಿಸಬಲ್ಲವು. ಉಳಿದುದು ಶಾಖವಾಗಿ ಹೋಗುವುದು. ಆದುದರಿಂದ ೭೫ ಕಿಲೋಕ್ಯಾಲರಿ ಬೇಕೆಂದಾಯಿತು. ಇದು ಅರ್ಧ ಜೋಳದ ರೊಟ್ಟಿಯಿಂದ ದೊರೆಯುವಷ್ಟು ಶಕ್ತಿ! ಹುಬ್ಬಳ್ಳಿಯ ಮಟ್ಟದಿಂದ ಧಾರವಾಡದ ಮಟ್ಟಕ್ಕೆ ಏರಲು ಅರ್ಧ ರೊಟ್ಟಿ ಸಾಕಾದರೆ ದಿಬ್ಬದಲ್ಲಿ ಸವಾರನು ಕೆಳಗಿಳಿದು ಸೈಕಲ್ಲನ್ನು ತಳ್ಳುವುದೇಕೆ? ಶಕ್ತಿ ಸಾಲದೆ ಅಲ್ಲ. ಆ ಶಕ್ತಿಯನ್ನು ಕಾಲಿಗೆ ಒಗ್ಗುವ ರೀತಿಯಲ್ಲಿ ವ್ಯಯಮಾಡಲು ಸೈಕಲ್ಲು ಅವಕಾಶ ಕೊಡದಿರುವುದರಿಂದ.

ನೂರಕ್ಕೆ ೫ರ ಒಂದು ದಿಬ್ಬವನ್ನು ತೆಗೆದುಕೊಳ್ಳೋಣ. ಎಂದರೆ ೧೦೦ ಮೀಟರ್ ಸಾಗಿದಾಗ ೫ ಮೀಟರ್ ಮೇಲೇರುವ ರಸ್ತೆ. ಇಲ್ಲಿ ೮೦ ಕಿಲೋಗ್ರಾಂ ಭಾರವನ್ನು ಗುರುತ್ವವು ಸುಮಾರು ೩೯ ನ್ಯೂಟನ್ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಟಾಯರುಗಳ ಉರುಳುವಿಕೆಗೆ ಇರುವ ತಡೆಯನ್ನೂ ಗಾಳಿಯ ಅಲ್ಪ ತಡೆಯನ್ನೂ ಕೂಡಿಸಿದರೆ ಒಟ್ಟು ೪೫ ನ್ಯೂಟನ್ ಆದೀತು. ಗಂಟೆಗೆ ೮ ಕಿಲೋಮೀಟರ್, ಎಂದರೆ ಸೆಕೆಂಡಿಗೆ ೨.೨ ಮೀಟರ್ ವೇಗದಿಂದ ಏರಿದರೆ ಬೇಕಾಗುವ ಸಾಮರ್ಥ್ಯ ಸುಮಾರು ೧೦೦ ವಾಟ್. ವಿಶೇಷ ತರಬೇತಿಯಿಲ್ಲದ ಆರೋಗ್ಯವಂತ ತರುಣ ತರುಣಿಯರು ಇಷ್ಟನ್ನು ಬಹುಹೊತ್ತು ಒದಗಿಸಬಲ್ಲರು.

ಇದೇ ದಿಬ್ಬವನ್ನು ನಮ್ಮ ಹಿರಿಯರ ಕಾಲದಿಂದ ಬಂದ ಕರಿಯ ಸೈಕಲ್ಲಿನ ಮೇಲೆ ಹತ್ತಿ ನೋಡೋಣ. ಅದರ ಪೆಡಲ್ಲಿನ ಬಳಿಯ ದೊಡ್ಡ ಚಕ್ರಕ್ಕೆ ಸಾಮಾನ್ಯವಾಗಿ ೪೪ ಹಲ್ಲು, ಹಿಂದಿನ ಫ್ರೀವೀಲಿಗೆ ೧೮ ಹಲ್ಲು. ಪೆಡಲ್ಲು ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿಯು ೪೪ ÷ ೧೮, ಎಂದರೆ ೨.೪೪ ಸುತ್ತು ತಿರುಗುವುದು. ಗಾಲಿಯ ಪರಿಧಿ ಸುಮಾರು ೨.೨೩ ಮೀಟರ್, ಆದುದರಿಂದ ಪೆಡಲ್ಲಿನ ಒಂದು ಸುತ್ತಿಗೆ ಸೈಕಲ್ಲು ೫.೪೫ ಮೀಟರ್ ಮುಂದಕ್ಕೆ ಹೋಗುವುದು. ಈ ದೂರವನ್ನು ನಾವು ‘ಹೆಜ್ಜೆ’ ಎಂದು ಕರೆಯೋಣ. ೪೫ ನ್ಯೂಟನ್ ತಡೆಯ ವಿರುದ್ಧ ೫.೪೫ ಮೀಟರ್ ಸಾಗಲು ೨೪೫ ಜೂಲ್ ಕೆಲಸ ನಡೆಯಬೇಕು. ೧೭ ಸೆಂಟಿಮೀಟರ್ ಉದ್ದದ ಕ್ರ್ಯಾಂಕಿನ ತುದಿಯಲ್ಲಿ ಪಾದವು ಒಂದು ಸುತ್ತಿಗೆ ಸಾಗುವ ದೂರ ೧.೦೭ ಮೀಟರ್. ಭಾಗಿಸಿದರೆ, ಪಾದವು ಸರಾಸರಿ ೨೩೦ ನ್ಯೂಟನ್, ಎಂದರೆ ಸುಮಾರು ೨೩ ಕಿಲೋಗ್ರಾಂ ಭಾರದಷ್ಟು ಬಲದಿಂದ ಒತ್ತುತ್ತಲೇ ಇರಬೇಕು. ಪೆಡಲ್ಲು ಮೇಲ್ತುದಿಯಲ್ಲಿಯೂ ಕೆಳತುದಿಯಲ್ಲಿಯೂ ಇರುವಾಗ ಒತ್ತಡದಿಂದ ಪ್ರಯೋಜನವಿಲ್ಲವಾದುದರಿಂದ, ನಡುಭಾಗದಲ್ಲಿ ಈ ಬಲವು ೩೫ ಕಿಲೋಗ್ರಾಂ ಭಾರವನ್ನು ಮುಟ್ಟುವುದು. ಸವಾರನ ಸ್ವಂತ ತೂಕದ ಅರ್ಧಕ್ಕಿಂತ ಇದು ಹೆಚ್ಚು. ಅವನು ಸೀಟಿನಿಂದೆದ್ದು ನಿಂತು ತುಳಿಯುವುದು ಇದೇ ಕಾರಣದಿಂದ. ಗಂಟೆಗೆ ೮ ಕಿಲೋಮೀಟರ್ ವೇಗಕ್ಕೆ ಅವನ ಕಾಲು ನಿಮಿಷಕ್ಕೆ ೨೪ ಸುತ್ತು ಮಾತ್ರ ತಿರುಗುತ್ತಿರುತ್ತದೆ.

ಕಾಲನ್ನೇ ಬೇಗ ತಿರುಗಿಸಬಾರದೇಕೆ? ನಿಮಿಷಕ್ಕೆ ೬೦ ಸುತ್ತು ತಿರುಗಿಸಿದರೆ ಈ ಸೈಕಲ್ಲಿನ ವೇಗ ಗಂಟೆಗೆ ೧೯ ಕಿಲೋಮೀಟರನ್ನು ದಾಟುವುದು. ಆಗ ಬೇಕಾಗುವ ಸಾಮರ್ಥ್ಯ ೨೯೦ ವಾಟ್. ಅದು ಪಳಗಿದ ಪಂದ್ಯಪಟುವಿನ ಅಳವು, ಸಾಮಾನ್ಯನದಲ್ಲ. ಹೀಗೆ ಒಂದೇ ಗಿಯರಿನ ಸವಾರನ ಮುಂದೆ ಎರಡೇ ದಾರಿಗಳು: ಮೊಣಕಾಲು ನೋಯುವಷ್ಟು ಬಲದಿಂದ ಮೆಲ್ಲಗೆ ತುಳಿಯುವುದು, ಇಲ್ಲವೆ ಎದೆಯುಬ್ಬಸ ಬರುವಂತೆ ವೇಗವಾಗಿ ಹತ್ತುವುದು.

ಸ್ನಾಯುವಿನ ಸ್ವಭಾವವನ್ನು ಇಲ್ಲಿ ನೆನೆಯಬೇಕು. ೧೯೨೨ನೆಯ ವರ್ಷದ ನೊಬೆಲ್ ಬಹುಮಾನವನ್ನು ಹಂಚಿಕೊಂಡ ಇಂಗ್ಲೆಂಡಿನ ಶರೀರವಿಜ್ಞಾನಿ ಎ. ವಿ. ಹಿಲ್ ೧೯೩೮ರಲ್ಲಿ ಒಂದು ಮುಖ್ಯ ಸಂಬಂಧವನ್ನು ತೋರಿಸಿಕೊಟ್ಟರು. ಸ್ನಾಯುವು ಬೇಗ ಕುಗ್ಗಿದಷ್ಟೂ ಅದು ಎಳೆಯಬಲ್ಲ ಬಲ ಕಡಿಮೆಯಾಗುತ್ತದೆ. ಅತಿ ಮೆಲ್ಲಗೆ ಕುಗ್ಗಿದರೆ ಬಲ ಹೆಚ್ಚು, ವೇಗವಿಲ್ಲ. ಅತಿ ಬೇಗ ಕುಗ್ಗಿದರೆ ವೇಗ ಹೆಚ್ಚು, ಬಲವಿಲ್ಲ. ಬಲ ಮತ್ತು ವೇಗಗಳ ಗುಣಲಬ್ಧವೇ ಸಾಮರ್ಥ್ಯವಾದುದರಿಂದ, ಅದು ಈ ಎರಡು ತುದಿಗಳ ನಡುವಿನ ಒಂದು ಮಧ್ಯಮ ವೇಗದಲ್ಲಿ ಪರಮಾವಧಿಯನ್ನು ಮುಟ್ಟುವುದು. ಅಭ್ಯಾಸವಾದ ಸವಾರರು ನಿಮಿಷಕ್ಕೆ ೬೦ರಿಂದ ೯೦ ಸುತ್ತುಗಳವರೆಗೆ ತುಳಿಯುವುದನ್ನು ನಾವು ಕಾಣುತ್ತೇವೆ. ರಸ್ತೆ ಏರಲಿ, ಇಳಿಯಲಿ, ಕಾಲಿನ ಈ ಲಯವನ್ನು ಕೆಡಿಸದಂತೆ ನೋಡಿಕೊಳ್ಳುವುದೇ ಗಿಯರಿನ ಕೆಲಸ. ಗಿಯರು ಕೆಲಸವನ್ನು ಕಡಿಮೆ ಮಾಡುವುದಿಲ್ಲ. ಬಲದಲ್ಲಿ ಉಳಿಸಿದುದನ್ನು ಸುತ್ತಿನ ಸಂಖ್ಯೆಯಲ್ಲಿ ತೆರಲೇಬೇಕು. ಅರ್ಧ ರೊಟ್ಟಿಯ ಲೆಕ್ಕ ಹಾಗೆಯೇ ಉಳಿಯುವುದು. ಅದನ್ನು ಒಂದೇ ತುತ್ತಾಗಿ ನುಂಗದೆ ಸಣ್ಣ ತುತ್ತುಗಳಾಗಿ ತಿಂದಂತೆ ಎನ್ನಬಹುದು.

ಹಾಗಾದರೆ ನಮ್ಮ ದಿಬ್ಬಕ್ಕೆ ಎಷ್ಟು ಉದ್ದದ ಹೆಜ್ಜೆ ಬೇಕು? ಗಂಟೆಗೆ ೮ ಕಿಲೋಮೀಟರ್ ಎಂದರೆ ನಿಮಿಷಕ್ಕೆ ೧೩೩ ಮೀಟರ್. ಅದನ್ನು ೬೦ರಿಂದ ಭಾಗಿಸಿದರೆ ೨.೨ ಮೀಟರ್. ಇದು ಸೈಕಲ್ ಗಾಲಿಯ ಪರಿಧಿಗೆ ಸರಿಸುಮಾರು ಸಮ! ಎಂದರೆ ಪೆಡಲ್ಲು ಒಂದು ಸುತ್ತು ತಿರುಗಿದಾಗ ಗಾಲಿಯೂ ಒಂದೇ ಸುತ್ತು ತಿರುಗಬೇಕು. ಮುಂದಿನ ಅತಿ ಚಿಕ್ಕ ಚಕ್ರಕ್ಕೂ ಹಿಂದಿನ ಅತಿ ದೊಡ್ಡ ಚಕ್ರಕ್ಕೂ ಹಲ್ಲುಗಳ ಸಂಖ್ಯೆ ಒಂದೇ ಆಗಿರಬೇಕು. ಆರಂಭದಲ್ಲಿ ಹೇಳಿದ ಮೂರನೆಯ ಪ್ರಶ್ನೆ ಇದೇ: “ಇದರ ಅತಿ ಕೆಳಗಿನ ಗಿಯರು ಎಷ್ಟು?”

ಈ ಅಳತೆಗೋಲಿನಿಂದ ಅಂಗಡಿಯ ಸೈಕಲ್ಲುಗಳನ್ನು ಪರೀಕ್ಷಿಸೋಣ. ಪಂದ್ಯದ ಹಳೆಯ ಮಾದರಿಯ ರೋಡ್ ಸೈಕಲ್ಲಿನಲ್ಲಿ ಮುಂದೆ ೫೩ ಮತ್ತು ೩೯ ಹಲ್ಲಿನ ಚಕ್ರಗಳು, ಹಿಂದೆ ೧೧ರಿಂದ ೨೫ರವರೆಗಿನವು ಇರುತ್ತವೆ. ಅದರ ಅತಿ ಚಿಕ್ಕ ಹೆಜ್ಜೆ ೩.೩ ಮೀಟರ್, ನಮ್ಮ ದಿಬ್ಬದಲ್ಲಿ ಕಾಲಿನ ಸುತ್ತು ನಿಮಿಷಕ್ಕೆ ೪೦ರಷ್ಟಾಗುವುದು. ‘ಕಾಂಪ್ಯಾಕ್ಟ್’ ಎಂದು ಕರೆಯುವ ೫೦ ಮತ್ತು ೩೪ ಹಲ್ಲಿನ ರೋಡ್ ಸೈಕಲ್ಲಿಗೆ ಹಿಂದೆ ೨೮ ಹಲ್ಲಿನ ಚಕ್ರವಿದ್ದರೆ ಹೆಜ್ಜೆ ೨.೫೫ ಮೀಟರ್, ಸುತ್ತು ೫೨, ಇದು ಸಹ್ಯ. ಮುಂದೆ ೪೮, ೩೮, ೨೮ ಹಲ್ಲಿನ ಮೂರು ಚಕ್ರಗಳೂ ಹಿಂದೆ ೧೪ರಿಂದ ೨೮ರವರೆಗಿನ ಏಳು ಚಕ್ರಗಳೂ ಉಳ್ಳ ಹೈಬ್ರಿಡ್ ಸೈಕಲ್ಲಿನ ಹೆಜ್ಜೆ ೨.೨ ಮೀಟರ್, ಸುತ್ತು ೬೦. ಪಾದದ ಸರಾಸರಿ ಒತ್ತಡ ಇಲ್ಲಿ ೯.೪ ಕಿಲೋಗ್ರಾಂ ಭಾರದಷ್ಟು. ಕರಿಯ ಸೈಕಲ್ಲಿನ ಒತ್ತಡದ ಐದರಲ್ಲಿ ಎರಡು ಪಾಲು ಮಾತ್ರ. ಆದರೆ ಹೈಬ್ರಿಡ್ ಎಂಬ ಹೆಸರನ್ನೇ ನಂಬಿ ಕೊಳ್ಳಬಾರದು. ಮುಂದೆ ೪೪ ಹಲ್ಲಿನ ಒಂದೇ ಚಕ್ರವಿದ್ದು ಹಿಂದೆ ೨೮ ಇದ್ದರೆ ಅದರ ಹೆಜ್ಜೆ ಸುಮಾರು ೩.೫ ಮೀಟರ್, ಏರಿನಲ್ಲಿ ಅದು ಪಂದ್ಯದ ಸೈಕಲ್ಲಿಗಿಂತಲೂ ಕಠಿಣ.

ಇನ್ನು ತೂಕದ ವಿಚಾರ. ಹೈಬ್ರಿಡ್ ೧೪ ಕಿಲೋಗ್ರಾಂ, ರೋಡ್ ಸೈಕಲ್ಲು ೧೦ ಕಿಲೋಗ್ರಾಂ ಎಂದು ಹಿಡಿದರೆ ಉಳಿತಾಯ ೪ ಕಿಲೋಗ್ರಾಂ. ಒಟ್ಟು ೮೦ರಲ್ಲಿ ಇದು ಇಪ್ಪತ್ತನೆಯ ಒಂದು ಭಾಗ. ಪಾದದ ಒತ್ತಡ ೯.೪ರಿಂದ ೯ಕ್ಕೆ ಇಳಿಯುವುದು, ಅಷ್ಟೆ. ಹಗುರವಾದ ಚೌಕಟ್ಟಿಗೆ ತೆರುವ ಹಣ ಬಹಳ. ಹಿಂದಿನ ಚಕ್ರದಲ್ಲಿ ನಾಲ್ಕು ಹಲ್ಲು ಹೆಚ್ಚಿಸಲು ತಗಲುವ ಹಣ ಅದರೆದುರು ಅತ್ಯಲ್ಪ. ತಂದೆತಾಯಿಗಳ ದುಡಿಮೆಯ ಹಣದಿಂದ ಸೈಕಲ್ಲು ಕೊಳ್ಳುವ ವಿದ್ಯಾರ್ಥಿಯು ಈ ವ್ಯತ್ಯಾಸವನ್ನು ಮರೆಯಬಾರದು. ರೋಡ್ ಸೈಕಲ್ಲಿನ ನಿಜವಾದ ಲಾಭ ಕಾಣುವುದು ಸಮತಟ್ಟಾದ ದಾರಿಯಲ್ಲಿ. ಗಂಟೆಗೆ ೨೫ ಕಿಲೋಮೀಟರ್ ವೇಗದಲ್ಲಿ ನೆಟ್ಟಗೆ ಕುಳಿತವನನ್ನು ಗಾಳಿಯು ಸುಮಾರು ೧೫ ನ್ಯೂಟನ್ ಬಲದಿಂದ ತಡೆದರೆ, ಬಾಗಿ ಕುಳಿತವನನ್ನು ೧೦ ನ್ಯೂಟನ್ನಿನಷ್ಟೇ ತಡೆಯುವುದು. ಏರಿನಲ್ಲಿ ವೇಗ ಕಡಿಮೆಯಾದುದರಿಂದ ಈ ಲಾಭ ಬಹುಮಟ್ಟಿಗೆ ಮಾಯವಾಗುತ್ತದೆ. ಸಮತಟ್ಟಾದ ಬಯಲುಸೀಮೆಯಾದ ವಿಜಯಪುರ, ಬಾಗಲಕೋಟೆಗಳಲ್ಲಿ ಪಳಗಿ ರಾಷ್ಟ್ರಮಟ್ಟದಲ್ಲಿ ಹೆಸರು ಪಡೆದ ಸೈಕಲ್ ಪಟುಗಳ ಗಿಯರು ಅವರ ಕಾಲಿಗೂ ಅವರ ನೆಲಕ್ಕೂ ತಕ್ಕುದು. ಅದನ್ನೇ ಹೊಸಬನು ಘಟ್ಟದ ದಾರಿಗೆ ಅನುಕರಿಸಬೇಕಾಗಿಲ್ಲ.

ಇಪ್ಪತ್ತೊಂದು ಗಿಯರಿನ ಆಕರ್ಷಣೆಯನ್ನೂ ಒರೆಗೆ ಹಚ್ಚೋಣ. ಮೂರು ಚಕ್ರಗಳನ್ನು ಏಳರೊಡನೆ ಜೋಡಿಸಿದರೆ ಇಪ್ಪತ್ತೊಂದು ಜೋಡಿಗಳಾಗುವುದು ನಿಜ. ಆದರೆ ೪೮ಕ್ಕೆ ೨೪ ಎಂಬುದೂ ೨೮ಕ್ಕೆ ೧೪ ಎಂಬುದೂ ಒಂದೇ ಅನುಪಾತ. ಎರಡರಲ್ಲಿಯೂ ಗಾಲಿಯು ಎರಡು ಸುತ್ತು ತಿರುಗುವುದು. ಹೀಗೆ ಹಲವು ಜೋಡಿಗಳು ಒಂದನ್ನೊಂದು ಹೋಲುತ್ತವೆ. ಮುಂದೆಯೂ ಹಿಂದೆಯೂ ದೊಡ್ಡ ಚಕ್ರಗಳನ್ನೇ, ಅಥವಾ ಎರಡೂ ಕಡೆ ಚಿಕ್ಕವನ್ನೇ ಬಳಸಿದರೆ ಚೈನು ಓರೆಯಾಗಿ ಬೇಗ ಸವೆಯುವುದರಿಂದ ಇನ್ನು ಕೆಲವನ್ನು ಬಿಡಬೇಕಾಗುತ್ತದೆ. ಎಣಿಕೆಗಿಂತ ಎರಡು ತುದಿಗಳು ಮುಖ್ಯ. ಅವುಗಳಲ್ಲಿಯೂ ಕೆಳತುದಿ ಹೆಚ್ಚು ಮುಖ್ಯ.

ಇಷ್ಟು ಸರಳವಾದ ಸಂಗತಿಯನ್ನು ಒಪ್ಪಲು ಜಗತ್ತು ಬಹುಕಾಲ ಹಿಂಜರಿಯಿತು. ಫ್ರಾನ್ಸಿನ ಪ್ರಸಿದ್ಧ ಪಂದ್ಯವಾದ ‘ಟೂರ್ ದ ಫ್ರಾನ್ಸ್’ ಆರಂಭವಾದುದು ೧೯೦೩ರಲ್ಲಿ. ೧೯೧೦ರಿಂದ ಅದರ ದಾರಿಯು ಪಿರನೀಸ್ ಪರ್ವತಗಳ ೨,೦೦೦ ಮೀಟರಿಗೂ ಮೀರಿದ ಕಣಿವೆಮಾರ್ಗವೊಂದನ್ನು ಏರತೊಡಗಿತು. ಆದರೂ, ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ‘ಡಿರೇಲರ್’ ಸಾಧನಕ್ಕೆ ಅಲ್ಲಿ ಅನುಮತಿ ದೊರೆತುದು ೧೯೩೭ರಲ್ಲಿ! ಅಲ್ಲಿಯವರೆಗೆ ಪಟುಗಳು ಪರ್ವತದ ಬುಡದಲ್ಲಿ ಇಳಿದು, ಹಿಂದಿನ ಗಾಲಿಯನ್ನು ಬಿಚ್ಚಿ, ಅದರ ಇನ್ನೊಂದು ಪಕ್ಕದಲ್ಲಿದ್ದ ದೊಡ್ಡ ಹಲ್ಲುಚಕ್ರವು ಚೈನಿಗೆ ಬರುವಂತೆ ತಿರುಗಿಸಿ ಕೂರಿಸುತ್ತಿದ್ದರು. ಗಿಯರು ಬಳಸುವುದು ದುರ್ಬಲರ ಲಕ್ಷಣವೆಂಬ ಭಾವನೆ ಅಂದು ಇದ್ದಿತು. ಇಂದಿಗೂ ಕೆಲವು ಹುಡುಗರಲ್ಲಿ ಅದು ಉಳಿದಿದೆ. ಲೆಕ್ಕವು ಅದನ್ನು ಬೆಂಬಲಿಸುವುದಿಲ್ಲ.

ಗಿಯರಿಗೂ ಒಂದು ಮಿತಿಯುಂಟು. ನೂರಕ್ಕೆ ೧೦ರ ಏರಿನಲ್ಲಿ ೧೦೦ ವಾಟ್ ಸಾಮರ್ಥ್ಯದಿಂದ ದೊರೆಯುವ ವೇಗ ಗಂಟೆಗೆ ೪ ಕಿಲೋಮೀಟರಿಗಿಂತ ತುಸು ಹೆಚ್ಚು. ಇದು ನಡಿಗೆಯ ವೇಗ. ಇಷ್ಟು ಮೆಲ್ಲಗೆ ಹೋಗುವಾಗ ಸೈಕಲ್ಲಿನ ಸಮತೋಲ ಕಾಯುವುದೇ ಕಷ್ಟ. ಅಲ್ಲಿ ಇಳಿದು ನಡೆಯುವುದರಲ್ಲಿ ಅವಮಾನವೇನೂ ಇಲ್ಲ.

ವಾಚಕರು ಎರಡು ಪ್ರಯೋಗಗಳನ್ನು ತಾವೇ ಮಾಡಿ ನೋಡಬಹುದು. ವಾಹನಸಂಚಾರವಿಲ್ಲದ ಹೊತ್ತಿನಲ್ಲಿ ದಿಬ್ಬದ ಅಂಚಿನ ಮೇಲೆ ಸರಿಯಾಗಿ ಒಂದು ಮೀಟರ್ ಉದ್ದದ ಪಟ್ಟಿಯನ್ನು ಏರಿನ ನೇರಕ್ಕೆ ಇಟ್ಟು, ಅದರ ಮೇಲೆ ಗೌಂಡಿಗಳು ಬಳಸುವ ರಸಮಟ್ಟವನ್ನಿರಿಸಿ, ಕೆಳಗಿನ ತುದಿಯನ್ನು ಪಟ್ಟಿಯು ಮಟ್ಟವಾಗುವವರೆಗೆ ಎತ್ತಿರಿ. ಆ ತುದಿಗೂ ನೆಲಕ್ಕೂ ಇರುವ ಅಂತರ ಎಷ್ಟು ಸೆಂಟಿಮೀಟರೋ ಅಲ್ಲಿಯ ಏರು ನೂರಕ್ಕೆ ಅಷ್ಟು. ಎರಡನೆಯದು ಅಂಗಡಿಯಲ್ಲಿ ಮಾಡತಕ್ಕದ್ದು. ಚೈನನ್ನು ಮುಂದೆ ಅತಿ ಚಿಕ್ಕ ಚಕ್ರಕ್ಕೂ ಹಿಂದೆ ಅತಿ ದೊಡ್ಡ ಚಕ್ರಕ್ಕೂ ಹಾಕಿಸಿ, ಹಿಂದಿನ ಟಾಯರಿನ ಮೇಲೆ ಸೀಮೆಸುಣ್ಣದ ಗುರುತು ಮಾಡಿ, ಗಾಲಿಯನ್ನು ನೆಲದಿಂದೆತ್ತಿ ಪೆಡಲ್ಲನ್ನು ಕೈಯಿಂದ ಮೆಲ್ಲಗೆ ಸರಿಯಾಗಿ ಒಂದು ಸುತ್ತು ತಿರುಗಿಸಿರಿ. ಗುರುತು ಮೊದಲಿನ ಸ್ಥಾನಕ್ಕೇ ಬಂದು ನಿಂತರೆ ಆ ಸೈಕಲ್ಲು ನಿಮ್ಮನ್ನು ದಿಬ್ಬದ ಮೇಲೆ ಕೈಬಿಡುವುದಿಲ್ಲ. ಕಾಲು ಸುತ್ತು ಮುಂದೆ ಹೋದರೂ ಅಡ್ಡಿಯಿಲ್ಲ. ಅರ್ಧ ಸುತ್ತನ್ನು ದಾಟಿತೆಂದರೆ, ಅದರ ಬಣ್ಣ ಎಷ್ಟೇ ಚೆಲುವಾಗಿರಲಿ, ಗಿಯರಿನ ಎಣಿಕೆ ಎಷ್ಟೇ ಇರಲಿ, ಅದನ್ನು ಮಟ್ಟಸವಾದ ದಾರಿಯವರಿಗೆ ಬಿಟ್ಟುಕೊಡುವುದು ಲೇಸು.